ಮುದಿ ನಾಯಿಯ ಕೀಲುನೋವು: ಇಲ್ಲಿಯ ರೀತಿ, ಊರಿನ ರೀತಿ

ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ. ಮಿಸಿಸಿಪ್ಪಿ ನದಿಯ ದಂಡೆಯ ಊರು. ಕೈರೊಪ್ರಾಕ್ಟಿಕ್ ಚಿಕಿತ್ಸೆ ಹುಟ್ಟಿದ್ದೇ ಇಲ್ಲಿ. 1895ರಲ್ಲಿ ಡಿ.ಡಿ. ಪಾಮರ್ ಎಂಬಾತ ಒಬ್ಬರ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಇದನ್ನು ಶುರುಮಾಡಿದ. ಅವನ ಹೆಸರಿನ ಕಾಲೇಜು ಈಗಲೂ ಇಲ್ಲಿದೆ. ಮನುಷ್ಯರಿಗೆಂದು ಬಂದದ್ದು ಆಮೇಲೆ ಕುದುರೆಗೂ ಬಂತು, ನಾಯಿಗೂ ಬಂತು. ಹಾಗಾಗಿ ನಮ್ಮ ಮುದಿ ಲ್ಯಾಬ್ರಡಾರ್ ಹಿಂಗಾಲು ಎಳೆಯಲು ಶುರುಮಾಡಿದಾಗ ನೆರೆಯವರು, ಆಫೀಸಿನವರು ಎಲ್ಲರೂ ಹೇಳಿದ್ದು ಒಂದೇ ಮಾತು: ಕೈರೊಪ್ರಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಕೈಯಿಂದ ಗುಣಮಾಡುವುದು ನಮಗೇನೂ ಹೊಸದಲ್ಲ. ಉಳುಕು ತೆಗೆಯುವವರು ನಮ್ಮ ಕಡೆ ಊರಿಗೊಬ್ಬರು ಇದ್ದರು. ಬೆಂಗಳೂರಿನಲ್ಲಿ ಪುತ್ತೂರು ಕಟ್ಟು ಎಂಬ ಬೋರ್ಡು ಈಗಲೂ ಕಾಣುತ್ತದೆ. ಆದರೆ ನಾಯಿಯ ಸೊಂಟ ಹಿಡಿದುಕೊಂಡಿದೆ ಎಂದು ಯಾರೂ ಅಲ್ಲಿಗೆ ಹೋದವರಿಲ್ಲ. ಸಾಗರದ ಹತ್ತಿರ ನಮ್ಮ ಮನೆಯಲ್ಲಿ ತೋಟ ಕಾಯುವ ನಾಯಿ ಯಾವತ್ತೂ ಇತ್ತು. ಅದು ನಿಧಾನವಾದರೆ ಅಮ್ಮ ಹೇಳುವುದು ಇಷ್ಟೇ: "ವಯಸ್ಸಾಯ್ತಲ್ಲ ಮಾರಾಯ, ಇನ್ನೇನು ಓಡ್ತದಾ ಅದು?"

ಈ ಎರಡು ರೀತಿಯ ನಡುವೆ ನನ್ನ ಅನಿಸಿಕೆ ಹೇಳುತ್ತೇನೆ.

ಮುದಿ ನಾಯಿಯ ಕೀಲಿನಲ್ಲಿ ಸವೆಯುವುದು ಮೂಳೆಯ ತುದಿಯ ಮೆತ್ತನೆಯ ಪದರ. ಒಮ್ಮೆ ಸವೆದರೆ ಯಾವ ಕೈಯೂ ಅದನ್ನು ವಾಪಸ್ ತರುವುದಿಲ್ಲ. ಕೈರೊಪ್ರಾಕ್ಟರ್ ಮುಟ್ಟುವುದು ಬೇರೆ ಜಾಗವನ್ನು. ಹಿಂಗಾಲು ನೋಯುವ ನಾಯಿ ತನ್ನ ಭಾರವನ್ನೆಲ್ಲ ಮುಂಗಾಲಿಗೆ ಹಾಕುತ್ತದೆ. ಆಗ ಕುತ್ತಿಗೆ, ಭುಜ, ಬೆನ್ನು ಬಿಗಿಯಾಗುತ್ತವೆ. ತಿಳಿದವರು ಮೆಲ್ಲಗೆ ಒತ್ತಿದರೆ ಆ ಬಿಗಿ ಸ್ವಲ್ಪ ಸಡಿಲವಾಗಬಹುದು. ಆದರೆ ಕೀಲುನೋವನ್ನೇ ಇದು ಕಡಿಮೆ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ತೀರಾ ಕಡಿಮೆ. ಅಪಾಯವೂ ಇದೆ. ಬೆನ್ನಿನ ಡಿಸ್ಕ್ ಜಾರಿದ್ದರೆ, ಮೂಳೆಯಲ್ಲಿ ಕ್ಯಾನ್ಸರ್ ಇದ್ದರೆ, ಒತ್ತಿದ್ದೇ ಅನಾಹುತವಾದೀತು. ಎಕ್ಸ್-ರೇ ತೆಗೆಸದೆ, ಪಶುವೈದ್ಯರು ನೋಡದೆ ನಾಯಿಯ ಬೆನ್ನನ್ನು ಯಾರ ಕೈಗೂ ಕೊಡಬಾರದು. ಕ್ಯಾಲಿಫೋರ್ನಿಯಾದಲ್ಲಂತೂ ಕೈರೊಪ್ರಾಕ್ಟರ್ ಪಶುವೈದ್ಯರ ನೇರ ಮೇಲ್ವಿಚಾರಣೆಯಲ್ಲೇ ಪ್ರಾಣಿಯನ್ನು ಮುಟ್ಟಬೇಕು ಎಂಬ ನಿಯಮವಿದೆ. ಸರಿಯಾದ ನಿಯಮ.

ನನಗೆ ಬೇಸರ ತರುವುದು ಇಲ್ಲಿಯವರ ಅವಸರ. ನಾಯಿಯ ಸೊಂಟವೇ ಕಾಣದಷ್ಟು ಬೊಜ್ಜು, ಆದರೂ ತಿಂಗಳಿಗೊಮ್ಮೆ ಬೆನ್ನು ಒತ್ತಿಸುವುದು ತಪ್ಪುವುದಿಲ್ಲ. ಮೊದಲು ಇಳಿಸಬೇಕಾದ್ದು ತೂಕ ಅಲ್ವಾ? ಈ ದೇಶದಲ್ಲೇ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಹಾಕಿದರು. ತೆಳ್ಳಗಿದ್ದವು ಸುಮಾರು 1.8 ವರ್ಷ ಜಾಸ್ತಿ ಬದುಕಿದವು. ಕೀಲು ಸವೆತಕ್ಕೆ ಚಿಕಿತ್ಸೆ ಬೇಕಾದದ್ದೂ ಅವಕ್ಕೆ ತಡವಾಗಿ. ಇಷ್ಟು ದೊಡ್ಡ ಲಾಭ ಒತ್ತುವ ಕೈಯಿಂದ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ತೂಕದ ಜೊತೆಗೆ ಔಷಧಿ. ಕಾರ್ಪ್ರೊಫೆನ್, ಮೆಲಾಕ್ಸಿಕಾಮ್‌ನಂಥ ಮಾತ್ರೆಗಳು ನಾಯಿಯ ನೋವಿಗೆ ನಿಜಕ್ಕೂ ಕೆಲಸ ಮಾಡುತ್ತವೆ. ನಡುನಡುವೆ ರಕ್ತ ಪರೀಕ್ಷೆ ಮಾಡಿಸಿ ಲಿವರ್, ಕಿಡ್ನಿ ನೋಡುತ್ತಿರಬೇಕು. 2023ರಲ್ಲಿ ಲಿಬ್ರೆಲಾ ಎಂಬ ತಿಂಗಳಿಗೊಂದು ಇಂಜೆಕ್ಷನ್‌ಗೆ ಇಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಅದರ ಅಡ್ಡಪರಿಣಾಮಗಳ ಬಗ್ಗೆ ಸರ್ಕಾರದ ಎಚ್ಚರಿಕೆಯೂ ಬಂತು. ಹಾಗಾಗಿ ವೈದ್ಯರೊಂದಿಗೆ ಕೂತು ಮಾತಾಡಿಯೇ ನಿರ್ಧರಿಸಬೇಕು. ನಮ್ಮ ನಾಯಿಗೆ ನಾವು ಆರಿಸಿಕೊಂಡದ್ದು ಮಾತ್ರೆ, ಅಳತೆಯ ಊಟ, ಮರದ ನೆಲದ ಮೇಲೆ ಕಾಲು ಜಾರದ ಹಾಗೆ ಉದ್ದಕ್ಕೂ ಚಾಪೆ. ಒಂದೇ ಸಲ ದೂರ ನಡೆಸುವ ಬದಲು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ. ಅದು ಈಗ ತಾನಾಗಿಯೇ ಎದ್ದು ಬಾಗಿಲಿಗೆ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಯಾರಾದರೂ ಕೈರೊಪ್ರಾಕ್ಟರ್ ಹತ್ತಿರ ಹೋದರೆ ನನ್ನ ತಕರಾರಿಲ್ಲ.

ಆದರೆ ಒಂದು ವಿಷಯದಲ್ಲಿ ಇಲ್ಲಿಯವರನ್ನು ಮನಸಾರೆ ಮೆಚ್ಚುತ್ತೇನೆ. ಇವರು ನಾಯಿಯ ನೋವನ್ನು ನೋವು ಎಂದೇ ಕಾಣುತ್ತಾರೆ. ಊರಿನಲ್ಲಿ ನಾವು ಅದಕ್ಕೆ ವಯಸ್ಸು ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಪ್ರೀತಿ ಕಡಿಮೆ ಅಂತಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮುದಿ ನಾಯಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿದರೆ ಯಾರೂ ಓಡಿಸುವುದಿಲ್ಲ. ಆ ಬಿಸಿ ಕೀಲಿಗೆ ನಿಜಕ್ಕೂ ಹಿತ. ಮಣ್ಣಿನ ಅಂಗಳದಲ್ಲಿ ಕಾಲು ಜಾರುವುದಿಲ್ಲ. ದಿನವಿಡೀ ಸುತ್ತ ಜನ ಇರುತ್ತಾರೆ. ಇಲ್ಲಿಯ ಎಷ್ಟೋ ನಾಯಿಗಳು ಬೆಳಗಿನಿಂದ ಸಂಜೆವರೆಗೆ ಬೀಗ ಹಾಕಿದ ಮನೆಯಲ್ಲಿ ಒಂಟಿ. ಈ ಒಳ್ಳೆಯದೆಲ್ಲ ಇದ್ದೂ ನಮ್ಮಲ್ಲಿ ಕೊರತೆಯಾಗುವುದು ಒಂದು ಸರಿಯಾದ ಮಾತ್ರೆ. ಅದು ಊರಲ್ಲೂ ಸಿಗುತ್ತದೆ, ಕೇಳುವವರಿಲ್ಲ ಅಷ್ಟೆ.

ಕೇಳದೆ ಮೆಡಿಕಲ್ ಶಾಪಿನಿಂದ ಮನುಷ್ಯರ ಮಾತ್ರೆ ತಂದು ಅನ್ನದಲ್ಲಿ ಕಲಸಿ ಹಾಕುವುದು ಇನ್ನೂ ಕೆಟ್ಟದ್ದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ದಯವಿಟ್ಟು ಅದನ್ನು ಕೊಡಬೇಡಿ.

ದನಕ್ಕೆ ಇಂಜೆಕ್ಷನ್ ಹಾಕಲು ಡಾಕ್ಟರು ಮನೆಗೆ ಬಂದೇ ಬರುತ್ತಾರೆ. ಆವಾಗ ನಾಯಿಯನ್ನೂ ತೋರಿಸಿ. ಬೆಳಿಗ್ಗೆ ಏಳಲು ಕಷ್ಟಪಡುತ್ತದಾ, ಮೆಟ್ಟಿಲ ಮುಂದೆ ನಿಂತುಬಿಡುತ್ತದಾ, ಒಂದೇ ಕೀಲನ್ನು ನೆಕ್ಕುತ್ತಿರುತ್ತದಾ ಎಂದು ಮೊದಲೇ ಗಮನಿಸಿ ಹೇಳಿ. ಕುಂಟುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊಸಬರ ಮುಂದೆ ಎಷ್ಟೋ ನಾಯಿಗಳು ಗಾಬರಿಗೆ ನೆಟ್ಟಗೆ ನಡೆದುಬಿಡುತ್ತವೆ.