ಗಾಳಿ ಬೀಸುವ ಮೊದಲೇ ತಗಡಿನ ಮೇಲೊಮ್ಮೆ ಕಣ್ಣಾಡಿಸಿ

ಬಿರುಗಾಳಿಯ ಮುನ್ಸೂಚನೆ ಬಂದಾಗ ಕಿಟಕಿ, ಬಾಗಿಲು ಭದ್ರಪಡಿಸಿ ಮನೆಯೊಳಗೇ ಇರಬೇಕೆಂದು ನಾನು ಓದಿದ ಲೇಖನವೊಂದರಲ್ಲಿ ಹೇಳಿರುವುದು ಸರಿಯಾಗಿದೆ. ಆದರೆ ನಮ್ಮ ಸಿಂಧನೂರು, ಗಂಗಾವತಿ ಭಾಗದಲ್ಲಿ ಅಪಾಯವು ಎಷ್ಟೋ ಸಲ ತಲೆಯ ಮೇಲಿನ ತಗಡಿನಲ್ಲಿಯೇ ಇರುತ್ತದೆ. ಶೀಟು ಹಾರಬಾರದೆಂದು ಅದರ ಮೇಲೆ ಕಲ್ಲು ಹೇರುವ ರೂಢಿ ಇಲ್ಲಿ ಬಹಳ ಮನೆಗಳಲ್ಲಿದೆ. ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಸಂಜೆ, ನಮ್ಮ ದನದ ಕೊಟ್ಟಿಗೆಯ ತಗಡು ಒಂದು ತುದಿಯಿಂದ ಮೇಲೆದ್ದಾಗ ಅದರ ಮೇಲಿದ್ದ ಕಲ್ಲು ಉರುಳಿ, ನನ್ನ ತಾಯಿಯವರು ಆಗಷ್ಟೇ ಎದ್ದು ಹೋಗಿದ್ದ ಹೊರಸಿನ ನುಲಿಯನ್ನು ಹರಿದುಕೊಂಡು ನೆಲಕ್ಕೆ ಬಿತ್ತು. ಅಂದಿನಿಂದ ನಾವು ಕಲ್ಲು ಇಡುವುದನ್ನು ಬಿಟ್ಟು, ತಗಡನ್ನು ಕಬ್ಬಿಣದ ಪೈಪಿಗೆ ಕೊಕ್ಕೆ ಬೋಲ್ಟಿನಿಂದ ಬಿಗಿಸಿದ್ದೇವೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ; ಆದ್ದರಿಂದ ಗಂಟೆಗೆ 30 ಕಿ.ಮೀ. ಗಾಳಿಯನ್ನು ತಡೆದ ಚಾವಣಿ 60 ಕಿ.ಮೀ. ಗಾಳಿಯನ್ನೂ ತಡೆದೀತೆಂದು ನಂಬಿ ಕೂರಬಾರದು.

ಇನ್ನೊಂದು ಮಾತು ರೈತರಿಗೆ. ಬೇಸಿಗೆ ಭತ್ತ ಕೊಯ್ಲಾಗಿ ರಾಶಿ ರಸ್ತೆಬದಿಯಲ್ಲಿರುವ ಏಪ್ರಿಲ್, ಮೇ ತಿಂಗಳಲ್ಲಿಯೇ ಇಂತಹ ಗಾಳಿ, ಗುಡುಗು, ಸಿಡಿಲು ಒಟ್ಟಿಗೆ ಬರುತ್ತವೆ. ಮೋಡ ಕವಿದ ಮೇಲೆ ತಾಡಪತ್ರಿ ಹಿಡಿದು ಬಯಲಿಗೆ ಓಡುವುದಕ್ಕಿಂತ, ಹವಾಮಾನ ಇಲಾಖೆ ಹಳದಿ ಅಥವಾ ಕಿತ್ತಳೆ ಎಚ್ಚರಿಕೆ ನೀಡಿದ ದಿನ ಮಧ್ಯಾಹ್ನದೊಳಗೇ ರಾಶಿ ಮುಚ್ಚಿ, ಅಂಚುಗಳ ಮೇಲೆ ಮರಳಿನ ಚೀಲ ಇಟ್ಟು ಹಗ್ಗ ಬಿಗಿಯುವುದು ಲೇಸು. ಸಿಡಿಲಿನ ಮುನ್ನೆಚ್ಚರಿಕೆಗೆ ದಾಮಿನಿ ಆ್ಯಪ್ ಮೊಬೈಲಿನಲ್ಲಿರಲಿ. ಗಾಳಿ ನಿಂತ ಮೇಲೂ, ಹರಿದು ಬಿದ್ದ ವಿದ್ಯುತ್ ತಂತಿಯನ್ನು ಕೋಲಿನಿಂದಲೂ ಸರಿಸಲು ಹೋಗದೆ, ಮಕ್ಕಳನ್ನೂ ದನಗಳನ್ನೂ ದೂರವಿರಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.