ಇಲ್ಲದ ಯಂತ್ರದ ಗಾಬರಿ

ವರ್ಚುವಲ್ ಮೆಷಿನ್ ಎಂದರೆ ಕಂಪ್ಯೂಟರಿನೊಳಗೆ ಬರೀ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್. ಅದಕ್ಕೆ ಪೆಟ್ಟಿಗೆಯಿಲ್ಲ, ಫ್ಯಾನ್ ಇಲ್ಲ, ತಂತಿಯಿಲ್ಲ. ಸಿಟ್ಟು ಬಂದಾಗ ಪಕ್ಕಕ್ಕೆ ಒಂದು ತಟ್ಟೋಣವೆಂದರೆ ಪಕ್ಕವೂ ಇಲ್ಲ. ಕೆಡುವುದಕ್ಕೆ ಮಾತ್ರ ಇದ್ಯಾವುದೂ ಅದಕ್ಕೆ ಅಡ್ಡಿಯಲ್ಲ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇರುವ ನನ್ನ ಅಂಥದೊಂದು ಮೆಷಿನ್ ಅಪ್‌ಡೇಟ್ ಮಾಡು ಎಂದು ಬೆನ್ನು ಹತ್ತಿತ್ತು. ಆಗಲಿ ಎಂದೆ. ಸಾಲುಗಳು ಸರಸರನೆ ಮೇಲಕ್ಕೆ ಹರಿದವು. ನಡುವೆಲ್ಲೋ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ಸಾಲೂ ಹಾದುಹೋಗಿತ್ತೆಂದು ಆಮೇಲೆ ತಿಳಿಯಿತು. ಅದನ್ನು ಆ ವೇಗದಲ್ಲಿ ಓದಬಲ್ಲವರು ಸಿನಿಮಾ ಮುಗಿದ ಮೇಲೆ ಓಡುವ ಹೆಸರುಗಳನ್ನೂ ಕುಳಿತು ಓದುವ ಜನವಿರಬೇಕು. ರೀಬೂಟ್ ಆಯಿತು. ಕಪ್ಪು ಪರದೆಯ ತುದಿಯಲ್ಲಿ ಬಿಳಿ ಅಕ್ಷರಗಳು ನಿಂತವು: ‘ಕರ್ನಲ್ ಪ್ಯಾನಿಕ್.’ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ಗಾಬರಿಬಿದ್ದು ನಿಂತಿದೆ ಎಂದರ್ಥ. ತನ್ನ ಫೈಲುಗಳೆಲ್ಲ ಇರುವ ರೂಟ್ ಫೈಲ್ ಸಿಸ್ಟಂ ಅದಕ್ಕೆ ಸಿಗುತ್ತಿಲ್ಲವಂತೆ. ಹುಡುಕಿದ ಜಾಗ ‘ಅನ್‌ನೋನ್ ಬ್ಲಾಕ್ (0,0)’ ಅಂತೆ. ವಿಳಾಸದಲ್ಲಿ ಎರಡು ಸೊನ್ನೆ ಬರೆದುಕೊಂಡು ಹೊರಟರೆ ಯಾರ ಮನೆ ತಾನೇ ಸಿಕ್ಕೀತು?

ಈ ಪ್ಯಾನಿಕ್ ಲಿನಕ್ಸಿಗೆ ಮಾದರಿಯಾದ ಹಳೆಯ ಯುನಿಕ್ಸ್ ಕಾಲದ ಆಸ್ತಿ. ಅದಕ್ಕೂ ಹಿಂದಿನ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ದುಡಿದ ಟಾಮ್ ವ್ಯಾನ್ ವ್ಲೆಕ್ ಒಂದು ಪ್ರಸಂಗ ಹೇಳುತ್ತಾರೆ. ತಾವು ಬರೆಯುವ ಕೋಡಿನಲ್ಲಿ ಅರ್ಧದಷ್ಟು ದೋಷಗಳಿಂದ ಚೇತರಿಸಿಕೊಳ್ಳುವುದಕ್ಕೇ ಹೋಗುತ್ತದೆ ಎಂದು ಅವರು ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿಯ ಬಳಿ ಹೇಳಿಕೊಂಡರಂತೆ. ನಾವು ಅದನ್ನೆಲ್ಲ ಬಿಟ್ಟೇಬಿಟ್ಟೆವು, ದೋಷ ಬಂದರೆ ಪ್ಯಾನಿಕ್ ಕರೆಯುತ್ತೇವೆ, ಯಂತ್ರ ಬೀಳುತ್ತದೆ, ರೀಬೂಟ್ ಮಾಡ್ರಪ್ಪ ಎಂದು ಪಡಸಾಲೆಯತ್ತ ಕೂಗುತ್ತೇವೆ ಎಂಬರ್ಥದ ಉತ್ತರ ರಿಚಿಯಿಂದ ಬಂತಂತೆ. ನಾನೂ ಕೂಗಬಹುದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ.

ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. “ಹಳೆಯ ಕರ್ನಲ್ ಇನ್ನೂ ಒಳಗೇ ಇರುತ್ತದೆ ಸರ್. ಗ್ರಬ್ ಮೆನು ತೆರೆದು ಅದನ್ನು ಆರಿಸಿ, ಅಷ್ಟೇ” ಎಂದರು. ‘ಅಷ್ಟೇ’ ಎಂದವರು ಫೋನ್ ಇಟ್ಟೂಬಿಟ್ಟರು.

ಯಾವ ಕರ್ನಲ್ ಎಬ್ಬಿಸಬೇಕೆಂದು ಆರಿಸುವ ಈ ಗ್ರಬ್ ಮೆನು ನನ್ನ ಮೆಷಿನ್‌ನಲ್ಲಿ ಮರೆಯಲ್ಲೇ ಇರುತ್ತದೆ. ಬೂಟ್ ಆಗುವ ಆ ಒಂದು ಕ್ಷಣದಲ್ಲಿ ಎಸ್ಕೇಪ್ ಒತ್ತಿದರೆ ಮಾತ್ರ ದರ್ಶನ. ಆದರೆ ಒತ್ತಿದ ಕೀ ವರ್ಚುವಲ್ ಮೆಷಿನ್‌ಗೆ ತಲುಪಬೇಕಾದರೆ ಮೊದಲು ಅದರ ಕಿಟಕಿಯೊಳಗೆ ಕ್ಲಿಕ್ ಮಾಡಬೇಕು. ಕ್ಲಿಕ್ ಮಾಡುವಷ್ಟರಲ್ಲಿ ಕ್ಷಣ ಕಳೆದಿರುತ್ತದೆ, ಪ್ಯಾನಿಕ್ ಬಂದಿರುತ್ತದೆ, ಮೌಸ್ ಒಳಗೆ ಸಿಕ್ಕಿಬಿದ್ದಿರುತ್ತದೆ. ಅದನ್ನು ಬಿಡಿಸಲು ಬಲಗಡೆಯ ಕಂಟ್ರೋಲ್ ಒತ್ತಿ, ಮತ್ತೆ ರೀಸೆಟ್, ಮತ್ತೆ ಕ್ಲಿಕ್. ಆತುರಕ್ಕೆ ಎಸ್ಕೇಪನ್ನು ಪಟಪಟನೆ ಒತ್ತಿದರೆ ಮೆನುವನ್ನೂ ದಾಟಿ ಗ್ರಬ್‌ನ ಕಮಾಂಡ್ ಸಾಲಿಗೆ ಹೋಗಿ ಬೀಳುತ್ತೇವೆ. ಅಲ್ಲಿ ‘ಗ್ರಬ್’ ಎಂದು ಬರೆದುಕೊಂಡು ಒಂದು ಕರ್ಸರ್ ನಮ್ಮ ಅಪ್ಪಣೆಗಾಗಿ ಕಾಯುತ್ತಿರುತ್ತದೆ. ಏನು ಅಪ್ಪಣೆ ಕೊಡಬೇಕೋ ಗೊತ್ತಿದ್ದರೆ ನಾವೇಕೆ ಅಲ್ಲಿರುತ್ತಿದ್ದೆವು?

ಕೊನೆಗೂ ಹಳೆಯ ಕರ್ನಲ್ ಎದ್ದು ಕುಳಿತಿತು. ಒಳಹೊಕ್ಕು ನೋಡಿದರೆ ಡಿಸ್ಕಿನಲ್ಲಿ ಕರ್ನಲ್‌ಗಳಿಗೆಂದು ಇರುವ ಬೂಟ್ ವಿಭಾಗ ನೂರಕ್ಕೆ ನೂರು ತುಂಬಿದೆ. ಹಿಂದಿನ ಅಪ್‌ಡೇಟ್‌ಗಳ ಕರ್ನಲ್‌ಗಳೆಲ್ಲ ಜಾಗ ಖಾಲಿ ಮಾಡದೆ ಅಲ್ಲೇ ಬೀಡುಬಿಟ್ಟಿವೆ. ಹೊಸ ಕರ್ನಲ್ ಹೇಗೋ ತೂರಿಕೊಂಡಿದೆ. ಅದರ ಜೊತೆಗೆ ಇರಲೇಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲಿಗೆ ಜಾಗ ಸಿಕ್ಕಿಲ್ಲ. ಡಿಸ್ಕನ್ನು ಗುರುತಿಸುವ ಡ್ರೈವರ್ ಇರುವುದು ಆ ಫೈಲಿನಲ್ಲಿ. ಆ ಎರಡು ಸೊನ್ನೆ ಎಲ್ಲಿಂದ ಬಂದವೆಂದು ಆಗ ಅರ್ಥವಾಯಿತು.

ಹಳೆಯದನ್ನು ತೆಗೆಯೋಣವೆಂದು, ಸಾಫ್ಟ್‌ವೇರ್ ಹಾಕುವ ತೆಗೆಯುವ ಕೆಲಸದ ಪ್ಯಾಕೇಜ್ ಮ್ಯಾನೇಜರ್‌ಗೆ ಹೇಳಿದೆ. ಅರ್ಧಕ್ಕೆ ನಿಂತಿರುವ ಅನುಸ್ಥಾಪನೆಯನ್ನು ಮೊದಲು ಮುಗಿಸುತ್ತೇನೆ ಎಂದಿತು. ಸರಿ, ಮುಗಿಸು ಎಂದೆ. ಅದಕ್ಕೆ ಜಾಗವಿಲ್ಲ ಎಂದಿತು. ಜಾಗ ಮಾಡಿಕೊಡಲೆಂದೇ ಅಲ್ಲವೇ ನಿನ್ನನ್ನು ಕರೆದದ್ದು? ಸರ್ಕಾರಿ ಕಡತಕ್ಕೂ ಇಷ್ಟು ನಿಷ್ಠೆಯಿಂದ ಸುತ್ತು ಹೊಡೆಯಲು ಬಾರದು. ಕಡೆಗೆ, ಸದ್ಯ ಓಡುತ್ತಿರುವ ಕರ್ನಲ್ ಯಾವುದೆಂದು ‘ಯುನೇಮ್’ ಎಂಬ ಕಮಾಂಡನ್ನು ಕೇಳಿ ಖಾತ್ರಿ ಮಾಡಿಕೊಂಡು, ಉಳಿದ ಹಳಬರಲ್ಲಿ ಒಬ್ಬರ ಫೈಲನ್ನು ಕೈಯಾರೆ ಅಳಿಸಿದೆ. ಆಮೇಲೆ ಎಲ್ಲವೂ ಸುಸೂತ್ರ: ಬಾಕಿ ಕೆಲಸ ಮುಗಿಯಿತು, ಗ್ರಬ್ ಪಟ್ಟಿ ಹೊಸದಾಯಿತು, ಹೊಸ ಕರ್ನಲ್ ಎದ್ದಿತು.

ಇಷ್ಟೆಲ್ಲ ಕಾಡಿಸಿ ಬಂದ ಮಹಾಶಯ ತಂದದ್ದಾದರೂ ಏನು ಎಂದು ಬದಲಾವಣೆಗಳ ಪಟ್ಟಿ ತೆರೆದೆ. ಮೊದಲು ಕಣ್ಣಿಗೆ ಬಿದ್ದದ್ದು ಯಾವುದೋ ವೈಫೈ ಚಿಪ್ಪಿನ ದೋಷ ಸರಿಪಡಿಸಿದ ವಿಷಯ. ನನ್ನ ವರ್ಚುವಲ್ ಮೆಷಿನ್‌ಗೆ ವೈಫೈ ಚಿಪ್ಪೂ ಇಲ್ಲ.