ದೊಡ್ಡಮ್ಮನ ಬಾಡಿಗೆ ಪುಸ್ತಕದ ಲೆಕ್ಕ

ಅರಸೀಕೆರೆಯಲ್ಲಿ ನಮ್ಮ ದೊಡ್ಡಮ್ಮ 17 ವರ್ಷ ಬಾಡಿಗೆ ಲೈಬ್ರರಿ ನಡೆಸಿದರು. ಬೋರ್ಡು ಇರಲಿಲ್ಲ, ಹೆಸರೂ ಇರಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ, 1974ರಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಎರಡು ಬೀರು, ಒಂದು ಬೆಂಚು ಇಟ್ಟುಕೊಂಡು ಶುರು ಮಾಡಿದ್ದು. ದಿನಕ್ಕೆ 10 ಪೈಸೆ, ದಪ್ಪ ಪುಸ್ತಕಕ್ಕೆ 15. ಠೇವಣಿ 5 ರೂಪಾಯಿ. ಹೊಸ ಕಾದಂಬರಿ ಬಂದ ದಿನ ನಾವು ಮಕ್ಕಳೆಲ್ಲ ಸೇರಿ ಅದಕ್ಕೆ ರಟ್ಟು ಹಾಕುತ್ತಿದ್ದೆವು. ಮೈದಾ ಗೋಂದು ಕುದಿಸುವಾಗ ಅದಕ್ಕೆ ಚಿಟಿಕೆ ಮೈಲುತುತ್ತ ಬೀಳಬೇಕು, ಇಲ್ಲದಿದ್ದರೆ ಹುಳ ಬಂದು ಪುಸ್ತಕ ತಿಂದುಹಾಕುತ್ತದೆ. ಆ ನೀಲಿ ಬೆರೆತ ಗೋಂದಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ದೊಡ್ಡಮ್ಮನ ಲೆಕ್ಕದ ನೋಟ್‌ಬುಕ್‌ಗಳಲ್ಲಿ ಮೂರು ನನ್ನ ಹತ್ತಿರ ಉಳಿದಿವೆ. 1978-79ರದ್ದು ಒಂದು, 1983-84ರದ್ದು ಒಂದು, 1987ರದ್ದು ಒಂದು. ಅಟ್ಟದಲ್ಲಿದ್ದ ಅವನ್ನು ಹೋದ ತಿಂಗಳು ಇಳಿಸಿದೆ. ಕಾರಣ ಇತ್ತು.

ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, "ನಮ್ಮ ಹೆಣ್ಣುಮಕ್ಕಳು ಓದುತ್ತಾರೆ, ಇಲ್ಲ ಅನ್ನಲ್ಲ. ಆದರೆ ಓದೋದು ಬರೀ ಸಂಸಾರದ ಕಥೆ, ಪ್ರೇಮದ ಕಥೆ" ಎಂದರು. ಸಭೆ ನಕ್ಕಿತು. ನನ್ನ ಪಕ್ಕ ಕೂತಿದ್ದ ಹುಡುಗಿಯ ತೊಡೆಯ ಮೇಲೆ ಒಂದು ಪ್ರೇಮ ಕಾದಂಬರಿ ಇತ್ತು. ಅವಳು ಅದನ್ನು ಮೆಲ್ಲಗೆ ಬ್ಯಾಗಿನೊಳಗೆ ಸೇರಿಸಿದಳು. ಆ ಮಾತು ಕೇಳಿ ಬೇಜಾರಾಗಿತ್ತು, ಅವಳು ಪುಸ್ತಕ ಮುಚ್ಚಿಟ್ಟದ್ದು ನೋಡಿ ಹೊಟ್ಟೆ ಉರಿಯಿತು. ಮನೆಗೆ ಬಂದವಳೇ ಏಣಿ ಹಾಕಿದೆ. ನಾಲ್ಕು ರಾತ್ರಿ ಆ ನೋಟ್‌ಬುಕ್‌ಗಳ ಮುಂದೆ ಕೂತು ಬರೆಯುತ್ತಿರುವುದು ಇದು.

ದೊಡ್ಡಮ್ಮ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಗಾರ್ಡ್ ಮನೆ, ನರ್ಸಮ್ಮ, ಹೂವಿನ ಮನೆ, ಸ್ಕೂಲ್ ಅಮ್ಮ, ದುರ್ಗದವರು, ಕೊಬ್ಬರಿ ಮಂಡಿ ಸೊಸೆ, ಹೀಗೆ. ಅರಸೀಕೆರೆ ರೈಲ್ವೆ ಜಂಕ್ಷನ್ನು. ಕ್ವಾರ್ಟರ್ಸ್‌ನಲ್ಲಿ ಗಂಡಂದಿರು ರಾತ್ರಿ ಪಾಳಿಗೆ ಹೋದರೆ ಹೆಂಗಸರು ಒಬ್ಬೊಬ್ಬರೇ. ಅಲ್ಲಿಂದಲೇ ದೊಡ್ಡಮ್ಮನಿಗೆ ಅರ್ಧ ವ್ಯಾಪಾರ.

ಗಾರ್ಡ್ ಮನೆಯ ಲೆಕ್ಕ ನೋಡಿ. 1978ರ ಒಂದೇ ತಿಂಗಳಲ್ಲಿ 11 ಪುಸ್ತಕ, ಅದರಲ್ಲಿ 9 ಪತ್ತೇದಾರಿ, ಹೆಚ್ಚಿನವು ಎನ್. ನರಸಿಂಹಯ್ಯನವರದು. ತೆಗೆದುಕೊಂಡು ಹೋಗುತ್ತಿದ್ದದ್ದು ಗಾರ್ಡಿನ ಹೆಂಡತಿ. ಒಯ್ಯುವಾಗ ಪ್ರತಿ ಸಲವೂ "ಇದು ನಮ್ಮೆಜಮಾನರಿಗೆ ಅಕ್ಕಾ" ಅನ್ನುತ್ತಿದ್ದರಂತೆ. ದೊಡ್ಡಮ್ಮ "ಹೂಂ ಕಣಮ್ಮ" ಅಂತ ಬರೆದುಕೊಳ್ಳುತ್ತಿದ್ದರು. ಪುಸ್ತಕ ವಾಪಸ್ ಬಂದಾಗ ಹಾಳೆಗಳ ಮೂಲೆಯಲ್ಲಿ ಅರಿಸಿನದ ಬೆರಳು ಮೂಡಿರುತ್ತಿತ್ತು. ಆ ಯಜಮಾನರು ಒಲೆಯ ಮುಂದೆ ಕೂತು ಒಗ್ಗರಣೆ ಹಾಕುತ್ತ ಪತ್ತೇದಾರ ಪುರುಷೋತ್ತಮನನ್ನು ಓದಿರಲಾರರು.

ಇದಕ್ಕೆ ಉಲ್ಟಾ ಕೂಡ ಇತ್ತು. ಊರಿನ ಒಬ್ಬ ಮೇಷ್ಟ್ರು ತಮ್ಮ ಮಗಳ ಕೈಲಿ ಚೀಟಿ ಕೊಟ್ಟು ಪ್ರೇಮ ಕಾದಂಬರಿ ತರಿಸಿಕೊಳ್ಳುತ್ತಿದ್ದರು. ಆ ಮಗು ಇನ್ನೂ ನಾಲ್ಕನೇ ಕ್ಲಾಸು. ನೋಟ್‌ಬುಕ್ಕಿನಲ್ಲಿ ಆ ಸಾಲುಗಳ ಪಕ್ಕ "ಮನೆಯವರಿಗೆ" ಅಂತಿದೆ. ಅಂದರೆ ಲೆಕ್ಕದ ಪ್ರಕಾರ ಪತ್ತೇದಾರಿ ಓದಿದ್ದು ಗಂಡಸು, ಪ್ರೇಮ ಓದಿದ್ದು ಹೆಂಗಸು. ದೊಡ್ಡಮ್ಮನ ಬಾಯಿಂದ ಇದನ್ನೆಲ್ಲ ನಾನು ಕೇಳದೇ ಇದ್ದಿದ್ದರೆ ನಾನೂ ಹಾಗೇ ನಂಬುತ್ತಿದ್ದೆ. ಹೆಂಗಸರ ಅಭಿರುಚಿ ಇಂಥದ್ದು ಅಂತ ಯಾರಾದರೂ ಬೆರಳೆತ್ತಿ ಹೇಳಿದಾಗ ನನಗೆ ಮೊದಲು ಬರುವ ಪ್ರಶ್ನೆ, ಆ ಪುಸ್ತಕವನ್ನು ಆಕೆ ಯಾರ ಹೆಸರಿನಲ್ಲಿ ಒಯ್ದಿದ್ದಳು?

ನರಸಿಂಹಯ್ಯನವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು. ಸಣ್ಣ ಸಣ್ಣ ವಾಕ್ಯ, ಮಾತಿನಷ್ಟೇ ಸಲೀಸು. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದ ಹೂವಿನ ಮನೆಯಾಕೆ ಓದಿ ಮುಗಿಸಿದ ಮೊದಲ ಪುಸ್ತಕ ಅವರದು. ಅಕ್ಷರ ಕೂಡಿಸಿಕೊಂಡು ಓದುವವರಿಗೆ ಪುಟ ತಿರುಗಿಸಲೇಬೇಕು ಅನ್ನಿಸುವಂತೆ ಬರೆಯುವುದು ಸಣ್ಣ ಕೆಲಸವಲ್ಲ. ಎರಡನೇ ನೋಟ್‌ಬುಕ್ಕಿನ ಹೊತ್ತಿಗೆ ಆಕೆ ತ್ರಿವೇಣಿಯವರ ಕಾದಂಬರಿಗಳಿಗೆ ಬಂದಿದ್ದಾರೆ. ಮೂರನೆಯದರಲ್ಲಿ, ನನಗೆ ನಂಬಲಾಗಲಿಲ್ಲ, ಮಹಾಭಾರತದ ಮೇಲೆ ಭೈರಪ್ಪನವರು ಬರೆದ ದಪ್ಪ ಕಾದಂಬರಿ 'ಪರ್ವ'. 21 ದಿನ ಇಟ್ಟುಕೊಂಡಿದ್ದರು. ದೊಡ್ಡಮ್ಮ ಹಾಕಿದ ಬಾಡಿಗೆ ಏಳು ದಿನದ್ದು ಮಾತ್ರ.

ಈಗ 'ಸಂಸಾರದ ಕಥೆ' ಎಂಬ ಬೈಗುಳಕ್ಕೆ ಬರುತ್ತೇನೆ. ಇದಕ್ಕೆ ಹಳೆಯ ಹೆಸರೊಂದಿದೆ, 'ಅಡುಗೆಮನೆ ಸಾಹಿತ್ಯ'. ಬರೆದವರನ್ನೂ ಓದಿದವರನ್ನೂ ಒಂದೇ ಏಟಿಗೆ ಹೊರಗೆ ಕೂರಿಸುವ ಮಾತು. ತ್ರಿವೇಣಿಯವರ 'ಶರಪಂಜರ' ತೆಗೆದುಕೊಳ್ಳಿ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಆಯ ತಪ್ಪುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾದವಳನ್ನು ಮನೆ ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನಾನು ಮೊದಲ ಸಲ ಇದನ್ನು ಓದಿದ್ದು ಕದ್ದು, ಬೀರುವಿನ ಹಿಂದೆ ಕೂತು. ಎದೆ ಹೊಡೆದುಕೊಂಡ ಹಾಗೆ ಯಾವ ಕೊಲೆ ಕಥೆಯಲ್ಲೂ ಹೊಡೆದುಕೊಂಡಿರಲಿಲ್ಲ. ಇವಳ ಮಾತನ್ನು ಯಾರಾದರೂ ಒಬ್ಬರು ನಂಬುತ್ತಾರಾ? ಪುಟ ಪುಟಕ್ಕೂ ಅದೇ ಆತಂಕ. ಪತ್ತೇದಾರಿಯಲ್ಲಿ ನಿಜ ಹೇಳುವವನನ್ನು ನಂಬಿಸಲು ಕೊನೆಗೊಬ್ಬ ಪತ್ತೇದಾರ ಬರುತ್ತಾನೆ. ಕಾವೇರಿಯ ಮನೆಗೆ ಯಾರೂ ಬರುವುದಿಲ್ಲ. 34ನೇ ವಯಸ್ಸಿಗೇ ಹೋಗಿಬಿಟ್ಟ ತ್ರಿವೇಣಿ ಹೆಣ್ಣಿನ ಮನಸ್ಸಿನ ಕಾಯಿಲೆಯ ಬಗ್ಗೆ ಆ ಕಾಲದಲ್ಲಿ ಬರೆದದ್ದನ್ನು ಸಂಸಾರದ ಕಥೆ ಎಂದು ಬದಿಗಿಟ್ಟರೆ ಕನ್ನಡಕ್ಕೇ ನಷ್ಟ.

ಅಡುಗೆಮನೆ ಅಂದಿರಲ್ಲ, 1983-84ರ ನೋಟ್‌ಬುಕ್ಕಿನ ಕಾಲದಲ್ಲಿ ಪೇಪರ್ ತೆರೆದರೆ 'ಸ್ಟವ್ ಸಿಡಿದು ಗೃಹಿಣಿ ಸಾವು' ಅನ್ನುವ ಸುದ್ದಿ ಮತ್ತೆ ಮತ್ತೆ. ಸ್ಟವ್ ಸಿಡಿಯುತ್ತಿದ್ದದ್ದು ಸೊಸೆಯಂದಿರಿಗೇ ಯಾಕೆ ಅಂತ ಬೆಂಚಿನ ಮೇಲೆ ಕೂತು ಈ ಹೆಂಗಸರು ಮಾತಾಡುತ್ತಿದ್ದದ್ದು ನನಗೆ ನೆನಪಿದೆ. ಗಂಡ, ಗಂಡನ ಮನೆಯವರ ಕ್ರೌರ್ಯದ ಬಗ್ಗೆ ಆಗಿನ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಬಂದದ್ದು 1983ರಲ್ಲಿ. ವರದಕ್ಷಿಣೆ ಸಾವಿನ 304ಬಿ ಬಂದದ್ದು 1986ರಲ್ಲಿ. ಯಾವ ಮನೆಯೊಳಗೆ ಏನು ನಡೆಯುತ್ತಿದೆ, ಯಾರು ಸುಳ್ಳು ಹೇಳುತ್ತಿದ್ದಾರೆ, ಯಾವ ಗಂಡನ ನಗು ನಿಜದ್ದು ಎಂದು ತಿಳಿದುಕೊಳ್ಳುವುದು ಅವರಿಗೆ ಹೊತ್ತು ಕಳೆಯುವ ಆಟವಾಗಿರಲಿಲ್ಲ. ಸಂಸಾರದ ಕಾದಂಬರಿಯನ್ನೂ ಪತ್ತೇದಾರಿಯನ್ನೂ ಅವರು ಒಂದೇ ಕಣ್ಣಿನಲ್ಲಿ ಓದುತ್ತಿದ್ದರು ಅಂತ ನನಗೆ ಅನ್ನಿಸುವುದು ಇದಕ್ಕೇ. ಹೊಸದಾಗಿ ಮದುವೆಯಾಗಿ ಬಂದಿದ್ದ ಮಂಡಿ ಸೊಸೆಯ ಲೆಕ್ಕದಲ್ಲಿ ಒಂದು ವಾರ ಅದು, ಒಂದು ವಾರ ಇದು, ಸರತಿಯ ಮೇಲೆ ಬಂದಿವೆ.

ಬರೆದವರಿಗೂ ಈ ಎರಡರ ನಡುವೆ ಗೋಡೆ ಇರಲಿಲ್ಲ. ನಂಜನಗೂಡು ತಿರುಮಲಾಂಬ 1913ರಲ್ಲಿ 'ಸುಶೀಲೆ' ಎಂಬ ಸಂಸಾರದ ಕಾದಂಬರಿ ಬರೆದರು, ಪತ್ತೇದಾರಿಯನ್ನೂ ಬರೆದರು, ತಾವೇ ಅಚ್ಚು ಹಾಕಿಸಿ ಮಾರಿದರು. ಆಧುನಿಕ ಕನ್ನಡದಲ್ಲಿ ಹೆಣ್ಣೊಬ್ಬಳು ಕಾದಂಬರಿಗೆ ಕೈ ಹಾಕಿದ ಮೊದಲ ದಿನಗಳಲ್ಲೇ ಎರಡೂ ಜೊತೆಗಿದ್ದವು.

ನರ್ಸಮ್ಮ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಮೂರು ಸಲ ಒಯ್ದಿದ್ದಾರೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಇಡೀ ಬದುಕು ಮಡಿಯಲ್ಲಿ ಕಳೆದ ಫಣಿಯಮ್ಮ, ಒಂದು ರಾತ್ರಿ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದ ದಲಿತ ಹೆಣ್ಣುಮಗಳ ಗುಡಿಸಲಿಗೆ ಹೋಗಿ ಮಗುವನ್ನು ಹೊರಗೆ ತರುತ್ತಾಳೆ. ಆ ಭಾಗದ ಹಾಳೆ ನರ್ಸಮ್ಮ ಓದಿ ಓದಿ ಮೆತ್ತಗಾಗಿತ್ತು. ಆಕೆ ದಿನವೂ ಮಾಡುತ್ತಿದ್ದ ಕೆಲಸವನ್ನು ಯಾರೋ ಪುಸ್ತಕದಲ್ಲಿ ಬರೆದಿದ್ದಾರೆ, ಅಷ್ಟು ದೊಡ್ಡದಾಗಿ ಬರೆದಿದ್ದಾರೆ!

ದುರ್ಗದವರ ಕಥೆಯೇ ಬೇರೆ. ಚಿತ್ರದುರ್ಗದಿಂದ ಮದುವೆಯಾಗಿ ಬಂದವರು. ತ.ರಾ.ಸು. ಬರೆದ ದುರ್ಗದ ಕಾದಂಬರಿಗಳನ್ನು ಬಿಟ್ಟು ಬೇರೇನೂ ಅಷ್ಟಾಗಿ ಒಯ್ದಿಲ್ಲ. 'ದುರ್ಗಾಸ್ತಮಾನ' ಬಂದ ಮೇಲೆ ಅದನ್ನು ಎರಡು ದಸರಾ ರಜೆಯಲ್ಲಿ ಎರಡು ಸಲ. ಐತಿಹಾಸಿಕ ಕಾದಂಬರಿ ಗಂಡಸರದ್ದು, ರಾಜರು, ಯುದ್ಧ, ಕೋಟೆ ಅಂತೀವಲ್ಲ? ಆಕೆ ದೊಡ್ಡಮ್ಮನ ಹತ್ತಿರ ಹೇಳಿದ್ದಂತೆ, "ನಮ್ಮ ತವರಿನ ಬೀದಿ ಬರುತ್ತೆ ಅಕ್ಕಾ ಇದರಲ್ಲಿ." ವರ್ಷಕ್ಕೊಂದು ಸಲವೂ ತವರಿಗೆ ಕಳಿಸದ ಮನೆ ಅದು.

ದೆವ್ವ, ಮಾಟದ ಕಥೆಗೂ ಇದೇ ಹೆಂಗಸರು ಮುಗಿಬಿದ್ದಿದ್ದರು. ಯಂಡಮೂರಿಯವರ 'ತುಳಸಿದಳ' ತೆಲುಗಿನಿಂದ ಕನ್ನಡಕ್ಕೆ ಬಂದ ಕಾಲ. ನಮ್ಮ ಕೇರಿಯಲ್ಲಿ ಒಬ್ಬರು ಓದಿ ಮುಗಿಸುವವರೆಗೆ ಇನ್ನೊಬ್ಬರು ಜಗಲಿಯಲ್ಲಿ ಕಾದು ಕೂರುತ್ತಿದ್ದರು. ಬಸುರಿಯರು ಓದಬಾರದು ಅಂತ ಅಜ್ಜಿಯರ ಅಪ್ಪಣೆ. ಬಸುರಿಯರೇ ಮೊದಲು ಓದಿದರು. ಒಂದು ಹೆಣ್ಣುಮಗುವಿನ ಮೇಲೆ ಆಗುವ ಮಾಟದ ಕಥೆ ಅದು. ಮಗುವನ್ನು ಉಳಿಸಿಕೊಳ್ಳಲು ಆಗುತ್ತೋ ಇಲ್ಲವೋ ಎಂಬ ಭಯ ಆ ಕಾಲದ ತಾಯಂದಿರಿಗೆ ಹೊಸತೇ? ಜ್ವರ ಬಂದ ಕೂಸಿನ ಪಕ್ಕ ರಾತ್ರಿಯಿಡೀ ಕೂತವರು ಅವರು. ಆ ಭಯಕ್ಕೆ ಒಂದು ಕಥೆ ಸಿಕ್ಕಿತು, ಅದಕ್ಕೊಂದು ಕೊನೆ ಇತ್ತು.

ವೈಜ್ಞಾನಿಕ ಕಾದಂಬರಿಗಳು ಹೋಗಿರುವುದು ಕಡಿಮೆ. ಬೀರುವಿನಲ್ಲಿ ಇದ್ದದ್ದೇ ನಾಲ್ಕು. ಆ ನಾಲ್ಕನ್ನೂ ಸ್ಕೂಲ್ ಅಮ್ಮ ಓದಿದ್ದಾರೆ.

ಪ್ರೇಮ ಕಾದಂಬರಿಗಳ ಬಗ್ಗೆ ನಾನು ತಲೆ ತಗ್ಗಿಸಿ ಮಾತಾಡುವುದಿಲ್ಲ. ರಾಶಿ ರಾಶಿ ಹೋಗಿವೆ, ಹೌದು. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಇವರ ಹೊಸ ಪುಸ್ತಕ ಬಂದರೆ ಬೀರುವಿಗೆ ಏರುವ ಮೊದಲೇ ಹತ್ತು ಮನೆ ಕಾಯುತ್ತಿದ್ದವು. ದಿನಕ್ಕೊಂದು ಸಲವೂ "ನಿಂದು ಊಟ ಆಯ್ತಾ?" ಎಂದು ಯಾರೂ ಕೇಳದ ಮನೆಯಲ್ಲಿ, ಹಾಗೆ ಕೇಳುವ ಗಂಡಸೊಬ್ಬ ಪುಸ್ತಕದಲ್ಲಾದರೂ ಇದ್ದಾನೆ ಅಂದರೆ ಓದದೆ ಇರುತ್ತಾರೆಯೇ? ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಗಮನಿಸಬೇಕು ಎಂಬ ಆಸೆಯನ್ನು ನಾವು ಹಗುರ ಸಾಹಿತ್ಯ ಎನ್ನುತ್ತಿದ್ದೇವೆ. ಆದರೆ ನನಗೆ ಸಿಟ್ಟೂ ಇದೆ. ಎಷ್ಟೋ ಕಥೆಗಳ ಕೊನೆಯಲ್ಲಿ ಹುಡುಗಿಯೇ ಸೋಲಬೇಕು, ಅವಳೇ ಕ್ಷಮಿಸಬೇಕು, ಅವಳೇ ವಾಪಸ್ ಹೋಗಬೇಕು. ಅದನ್ನು ಅವರು ಒಪ್ಪಿ ಓದುತ್ತಿದ್ದರು ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ.

ಲೈಬ್ರರಿ ಮುಚ್ಚಿದ ಮೇಲೆ ಉಳಿದ ಒಂದಿಪ್ಪತ್ತು ಪುಸ್ತಕ ನನ್ನ ಪಾಲಿಗೆ ಬಂದಿದ್ದವು. ನೋಟ್‌ಬುಕ್ಕಿನ ಜೊತೆ ಅವನ್ನೂ ತೆರೆದೆ. ಒಂದರ ಕೊನೆಯ ಪುಟ. ಹೊಡೆಯುವ ಗಂಡನ ಮನೆಗೆ ನಾಯಕಿ ಕಣ್ಣೊರೆಸಿಕೊಂಡು ಮರಳುತ್ತಾಳೆ. ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದೆ: "ನಾನಾಗಿದ್ದರೆ ಹೋಗುತ್ತಿರಲಿಲ್ಲ." ಅದರ ಕೆಳಗೆ ಬೇರೆ ಕೈ, ನೀಲಿ ಇಂಕು: "ಹೋಗದೆ ಎಲ್ಲಿರುತ್ತಿದ್ದೆ?" ಅದಕ್ಕೂ ಕೆಳಗೆ ಮೂರನೆಯವರ ದುಂಡಕ್ಷರ: "ಟೀಚರ್ ಟ್ರೈನಿಂಗ್ ಮಾಡಬಹುದು. ಹಾಸನದಲ್ಲಿ ಹಾಸ್ಟೆಲ್ ಇದೆ."

ಈ ಮೂವರು ಯಾರು ಅಂತ ನನಗೆ ಗೊತ್ತಿಲ್ಲ. ಒಬ್ಬರಿಗೊಬ್ಬರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಬಾಡಿಗೆ ಪುಸ್ತಕದ ಮೇಲೆ ಬರೆದರೆ ದೊಡ್ಡಮ್ಮ 25 ಪೈಸೆ ದಂಡ ಹಾಕುತ್ತಿದ್ದರು. ಈ ಪುಟಕ್ಕೆ ಯಾರಿಗೂ ದಂಡ ಬಿದ್ದಿರುವುದು ಲೆಕ್ಕದಲ್ಲಿ ಸಿಗಲಿಲ್ಲ.

ನನ್ನ ಮಗಳು ಈಗ ಮೊಬೈಲಿನಲ್ಲಿ, ಪ್ರತಿಲಿಪಿ ಎಂಬ ಕಥೆಗಳ ಆ್ಯಪ್‌ನಲ್ಲಿ, ದೆವ್ವದ ಕಥೆ ಓದುತ್ತಾಳೆ. ಬರೆಯುವವರಲ್ಲಿ ಹೆಣ್ಣುಮಕ್ಕಳು ಎಷ್ಟೊಂದು ಜನ, ಕೆಳಗೆ ಜಗಳ ಆಡುವವರು ಇನ್ನೂ ಎಷ್ಟು ಜನ. "ಇವಳು ಯಾಕೆ ಬಾಗಿಲು ತೆಗೆದಳು, ಬುದ್ಧಿ ಇಲ್ವಾ" ಅಂತ ಒಬ್ಬರು ಬರೆದರೆ ಹತ್ತು ಜನ ಉತ್ತರ ಕೊಡುತ್ತಾರೆ. ಓದಿದಾಗ ಆ ಪೆನ್ಸಿಲ್ ಸಾಲು ನೆನಪಾಯಿತು.

ಆವತ್ತು ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ನಾನು ಮಾತಾಡಿಸಲಿಲ್ಲ. ಮಾತಾಡಿಸಬೇಕಿತ್ತು. ಯಾವ ಕಾದಂಬರಿ ಅದು, ಎಲ್ಲಿಯವರೆಗೆ ಬಂದಿದ್ದೀಯ, ಚೆನ್ನಾಗಿದೆಯಾ ಅಂತ ಕೇಳಬೇಕಿತ್ತು. ಇದನ್ನು ಅವಳು ಓದುತ್ತಿದ್ದರೆ ಈಗಲಾದರೂ ಹೇಳಲಿ.

ಇನ್ನೊಂದು ಕೇಳಿಕೊಳ್ಳುವುದಿದೆ. ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು, ಎಲ್ಲ ಕಡೆ ಇಂಥ ಬಾಡಿಗೆ ಲೈಬ್ರರಿಗಳಿದ್ದವು. ನಿಮ್ಮ ಮನೆಯವರೋ ಪರಿಚಯದವರೋ ನಡೆಸಿದ್ದರೆ, ಆ ಲೆಕ್ಕದ ಪುಸ್ತಕ ಅಟ್ಟದಲ್ಲಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದೆರಡು ಪುಟದ ಫೋಟೋ ಕಳಿಸಿ, ಹೆಸರುಗಳಿದ್ದರೆ ಮುಚ್ಚಿ ಕಳಿಸಿ. ಹಳೆಯ ಕಾದಂಬರಿಗಳಿದ್ದರೆ ಕೊನೆಯ ಪುಟ ತೆರೆದು ನೋಡಿ, ಪೆನ್ಸಿಲ್ ಗುರುತು ಮಾಸಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.